ಪರದೇಶದ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಮುನ್ನ

ಸಂಬಂಧ ಮಾಡುವುದಾದರೆ ಹತ್ತಿರದ ಊರಿನಲ್ಲೇ ಮಾಡಬೇಕು, ಕಷ್ಟಸುಖಕ್ಕೆ ಒದಗುತ್ತಾರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೇಮಳಖೇಡದವರಿಗೆ ಹತ್ತಿರವೆಂದರೆ ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣ. ಸ್ವಲ್ಪ ದೂರವೆಂದರೆ ಬೀದರ, ಕಲಬುರಗಿ. ಈಗ ಆ ಲೆಕ್ಕ ಉಳಿದಿಲ್ಲ. ನಮ್ಮ ಹುಡುಗರು ದುಬೈಗೆ ಹೋಗುತ್ತಾರೆ, ಮಸ್ಕತ್ತಿಗೆ ಹೋಗುತ್ತಾರೆ, ಓದಲೆಂದು ಜರ್ಮನಿ, ಅಮೆರಿಕಕ್ಕೂ ಹೋಗುತ್ತಾರೆ. ಹೋದಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿಯನ್ನು ಮೆಚ್ಚಿಕೊಂಡು ಒಂದು ದಿನ ಫೋನಿನಲ್ಲಿ "ಅವ್ವಾ, ಒಂದು ಮಾತು ಹೇಳಬೇಕಾಗ್ಯಾದ" ಎನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳೂ ಇದಕ್ಕೆ ಹೊರತಲ್ಲ.

ಇಂಥ ಮದುವೆ ಸರಿಯೋ ತಪ್ಪೋ ಎಂದು ತೀರ್ಪು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮನಸ್ಸು ಒಪ್ಪಿ, ಬೀಗರು ಒಪ್ಪಿ, ಲಗ್ನ ಆಗಿಯೇ ಹೋದ ಮೇಲೆ ಹೊಸದಾಗಿ ಬಂದ ಸೊಸೆ ಅಥವಾ ಅಳಿಯ ನಮ್ಮ ದೇಶದಲ್ಲಿ ನೆಮ್ಮದಿಯಿಂದ ಇರಲು ಏನು ಮಾಡಬೇಕು? ಅದಷ್ಟನ್ನೇ ನಿಮ್ಮ ಮುಂದೆ ಇಡುತ್ತೇನೆ. ನಾನು ವಕೀಲಳಲ್ಲ, ಹೈಸ್ಕೂಲು ಓದಿದ ಗೃಹಿಣಿ. ಆದರೆ ಪರಿಚಯದವರ ಮನೆಯಲ್ಲಿ ಈ ಪಡಿಪಾಟಲನ್ನು ಹತ್ತಿರದಿಂದ ಕಂಡು, ತಿಳಿದವರನ್ನು ಕೇಳಿ, ಕಾಯ್ದೆಯ ಮಾತುಗಳನ್ನು ಓದಿಸಿಕೊಂಡು ಅರ್ಥ ಮಾಡಿಕೊಂಡಿದ್ದೇನೆ. ತಿಳಿದದ್ದನ್ನು ಹಂಚಿಕೊಂಡರೆ ಇನ್ನೊಬ್ಬ ತಾಯಿಗೆ ಉಪಯೋಗವಾದೀತು.

"ಲಗ್ನ ಆಗ್ಯಾದ, ಇನ್ನೇನು ಬೇಕ್ರೀ?"

ಆ ಮನೆಯ ಹುಡುಗ ಕೊಲ್ಲಿ ದೇಶದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿ ನರ್ಸ್ ಆಗಿದ್ದ ಫಿಲಿಪೀನ್ಸ್ ದೇಶದ ಹುಡುಗಿಯನ್ನು ಒಪ್ಪಿದ. ಎರಡೂ ಮನೆಯವರು ಒಪ್ಪಿದರು. ಹುಡುಗಿ ಪ್ರವಾಸಿ ವೀಸಾದ ಮೇಲೆ ಬಂದಳು. ಊರಿನಲ್ಲಿ ಹಂದರ ಹಾಕಿ, ತಾಳಿ ಕಟ್ಟಿಸಿ, ಊರಿಗೆಲ್ಲ ಊಟ ಹಾಕಿದರು. ಹುಡುಗಿಯೂ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಇಟ್ಟು, ಅಕ್ಕಿಯ ಸೇರು ಒದ್ದು ಒಳಗೆ ಬಂದಳು. ಎಲ್ಲರಿಗೂ ಸಂತೋಷ.

ವೀಸಾದ ಅವಧಿ ಮುಗಿಯಲು ಹತ್ತು ದಿನ ಉಳಿದಾಗ ಯಾರೋ ನೆನಪು ಮಾಡಿದರು. ಓಡಾಟ ಆರಂಭವಾಯಿತು. ಕೇಳಿದಲ್ಲೆಲ್ಲ ಒಂದೇ ಪ್ರಶ್ನೆ: "ಮದುವೆ ನೋಂದಣಿ ಪತ್ರ ಎಲ್ಲಿ?" ಅತ್ತೆಯಾದವರು ಲಗ್ನಪತ್ರಿಕೆ ತೋರಿಸಿದರು, ಆಲ್ಬಮ್ ತೋರಿಸಿದರು. "ಸಾವಿರ ಮಂದಿ ಅಕ್ಷತಿ ಹಾಕ್ಯಾರ, ಇನ್ನೇನು ಬೇಕ್ರೀ ಇವರಿಗೆ?" ಎಂದು ಕಣ್ಣೀರಿಟ್ಟರು. ಲಗ್ನಪತ್ರಿಕೆ ಸರ್ಕಾರದ ಪತ್ರವಲ್ಲ. ನೋಂದಣಿ ಮಾಡಿಸೋಣವೆಂದರೆ ಅದಕ್ಕೆ ಮೂವತ್ತು ದಿನದ ನೋಟಿಸು ಬೇಕು, ಕೈಯಲ್ಲಿದ್ದದ್ದು ಹತ್ತು ದಿನ. ಹೊಸ ಸೊಸೆ ಬಳೆಯ ಕೈಯಲ್ಲೇ ಪೆಟ್ಟಿಗೆ ಹಿಡಿದು ವಿಮಾನ ಹತ್ತಬೇಕಾಯಿತು. ಮತ್ತೆ ಎಲ್ಲ ಕ್ರಮವಾಗಿ ಮಾಡಿಕೊಂಡು ಅವಳು ತಿರುಗಿ ಬರುವ ಹೊತ್ತಿಗೆ ಐದು ತಿಂಗಳು ಕಳೆದಿತ್ತು.

ಯಾರೂ ಮೋಸ ಮಾಡಿರಲಿಲ್ಲ, ಯಾರೂ ಕೆಟ್ಟವರಾಗಿರಲಿಲ್ಲ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಹೊರಟಿದ್ದರು, ಅಷ್ಟೆ.

ಅಜ್ಜಿಯ ಕಾಲದ ಮುಲ್ಕಿ

ಹಿಂದೆ ಹೀಗಿತ್ತೇ ಎಂದು ನೀವು ಕೇಳಬಹುದು. ನಮ್ಮ ಭಾಗದ ಮಟ್ಟಿಗೆ ಇದಕ್ಕೆ ಸ್ವಾರಸ್ಯವಾದ ಉತ್ತರವುಂಟು. 1948ರ ಸೆಪ್ಟೆಂಬರ್‌ವರೆಗೆ ಬೀದರ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸೊಲ್ಲಾಪುರ, ವಿಜಾಪುರ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಗಡಿಯಲ್ಲಿ ಕರೋಡಗಿರಿ ನಾಕಾ ಇತ್ತು, ಸಾಮಾನಿಗೆ ಸುಂಕ ಕಟ್ಟಬೇಕಿತ್ತು. ದುಡ್ಡೂ ಬೇರೆ. ನಿಜಾಮರ ಹಾಲಿ ಸಿಕ್ಕಾ ಏಳು ರೂಪಾಯಿ ಕೊಟ್ಟರೆ ಬ್ರಿಟಿಷರ ಆರು ರೂಪಾಯಿ. ಹಾಗಾಗಿ ಸೊಲ್ಲಾಪುರದ ಹುಡುಗಿ ಹುಮನಾಬಾದಿಗೆ ಸೊಸೆಯಾಗಿ ಬಂದರೆ ಒಂದರ್ಥದಲ್ಲಿ ಪರರಾಜ್ಯದ ಸೊಸೆಯೇ ಆಗಿದ್ದಳು.

ಆ ಸಂಸ್ಥಾನದಲ್ಲಿ 'ಮುಲ್ಕಿ' ಎಂಬ ಮಾತಿತ್ತು. ಮುಲ್ಕಿ ಎಂದರೆ ಈ ನೆಲದವರು. ಸರ್ಕಾರಿ ನೌಕರಿ ಬೇಕೆಂದರೆ ಮುಲ್ಕಿಯಾಗಿರಬೇಕು. ಹೊರಗಿನಿಂದ ಬಂದವರು ಹದಿನೈದು ವರ್ಷ ಇಲ್ಲಿ ವಾಸ ಮಾಡಿ ಮುಲ್ಕಿ ಎನಿಸಿಕೊಳ್ಳಬೇಕಿತ್ತು. ಆದರೆ 1919ರ ಮುಲ್ಕಿ ನಿಯಮಗಳಲ್ಲಿ ಒಂದು ಕಲಮು ಹೆಣ್ಣುಮಕ್ಕಳಿಗಾಗಿಯೇ ಇತ್ತು: ಮುಲ್ಕಿಯ ಹೆಂಡತಿಯೂ ಮುಲ್ಕಿಯೇ. ಹದಿನೈದು ವರ್ಷದ ಲೆಕ್ಕ ಅವಳಿಗಿಲ್ಲ.

ಎಷ್ಟು ಸುಲಭ, ಎಷ್ಟು ಚೆನ್ನ ಎನಿಸುತ್ತದೆಯಲ್ಲವೆ? ಇದರ ಇನ್ನೊಂದು ಮುಖವನ್ನೂ ನೋಡಬೇಕು. ಆ ಕಾಲದಲ್ಲಿ ಲೋಕದ ಎಷ್ಟೋ ಕಡೆ ಹೆಣ್ಣು ಗಂಡನ ಗಂಟಿನ ಜೊತೆ ಹೋಗುವವಳೆಂದೇ ಭಾವನೆ. ಅಮೆರಿಕದ 1907ರ ಕಾಯ್ದೆಯ ಪ್ರಕಾರ ಅಲ್ಲಿನ ಹೆಣ್ಣು ಪರದೇಶದವನನ್ನು ಮದುವೆಯಾದರೆ ತನ್ನ ನಾಡಿನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರಿಂದ ಆ ನಿಯಮ ಸಡಿಲವಾಗುತ್ತ ಬಂತು. ಇಂಗ್ಲೆಂಡಿನಲ್ಲಿ 1948ರವರೆಗೂ ಹೆಚ್ಚುಕಡಿಮೆ ಇದೇ ರೀತಿ. ನೀನು ಯಾವ ದೇಶದವಳಾಗಿರಲು ಬಯಸುತ್ತೀ ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಮದುವೆಯೊಂದರಿಂದಲೇ ಹೆಣ್ಣಿನ ರಾಷ್ಟ್ರೀಯತೆ ತನ್ನಷ್ಟಕ್ಕೆ ಬದಲಾಗಬಾರದೆಂದು ವಿಶ್ವಸಂಸ್ಥೆಯಲ್ಲಿ ಒಪ್ಪಂದವಾದದ್ದು 1957ರಲ್ಲಿ.

ಆದುದರಿಂದ ಈಗಿನ ಕಾಯ್ದೆ ತೊಡಕಿನದು ನಿಜ, ಆದರೆ ಅದರಲ್ಲಿ ಒಂದು ಗೌರವವೂ ಇದೆ. ಅರ್ಜಿ ಅವಳದು, ರುಜು ಅವಳದು, ಆಯ್ಕೆ ಅವಳದು. ತಾಳಿ ಕಟ್ಟಿದ ಮಾತ್ರಕ್ಕೆ ಅವಳು ಇಲ್ಲಿಯವಳಾಗುವುದಿಲ್ಲ, ಅವಳೇ ಕೇಳಿ ಪಡೆಯಬೇಕು.

ದೊಡ್ಡವರ ಮನೆಯಲ್ಲೂ ಇದೇ ದಾರಿ

ರಾಷ್ಟ್ರಪತಿಗಳಾಗಿದ್ದ ಕೆ. ಆರ್. ನಾರಾಯಣನ್ ಅವರ ಪತ್ನಿ ಉಷಾ ಅವರು ಬರ್ಮಾದವರು. ಹುಟ್ಟು ಹೆಸರು ಮಾ ಟಿಂಟ್ ಟಿಂಟ್. ನಾರಾಯಣನ್ ಆಗ ವಿದೇಶಾಂಗ ಸೇವೆಯಲ್ಲಿದ್ದರು. ಪರದೇಶದ ಹುಡುಗಿಯನ್ನು ಮದುವೆಯಾಗಲು ಪ್ರಧಾನಿ ನೆಹರೂ ಅವರಿಂದ ವಿಶೇಷ ಅನುಮತಿ ಬೇಕಾಯಿತು. 1951ರಲ್ಲಿ ದೆಹಲಿಯಲ್ಲಿ ಮದುವೆ ನಡೆಯಿತು. ಮುಂದೆ ಅವರು ಭಾರತದ ಪೌರತ್ವ ಪಡೆದರು, 1997ರಲ್ಲಿ ರಾಷ್ಟ್ರಪತಿ ಭವನದ ಗೃಹಿಣಿಯಾದರು.

ನಮ್ಮ ರಾಜ್ಯದ ಬಳ್ಳಾರಿಯಿಂದ 1999ರಲ್ಲಿ ಲೋಕಸಭೆಗೆ ಗೆದ್ದ ಸೋನಿಯಾ ಗಾಂಧಿಯವರು ಇಟಲಿಯಲ್ಲಿ ಹುಟ್ಟಿದವರು. ಮದುವೆಯಾಗಿ ಬಂದದ್ದು 1968ರಲ್ಲಿ, ಭಾರತದ ಪೌರತ್ವ ಪಡೆದದ್ದು 1983ರಲ್ಲಿ. ಪ್ರಧಾನಿಯ ಮನೆಯ ಸೊಸೆಯಾದರೂ ಪೌರತ್ವಕ್ಕೆ ಬೇರೆಯಾಗಿ ಅರ್ಜಿ ಹಾಕಿಯೇ ಪಡೆಯಬೇಕಾಯಿತು. ರಾಜಕೀಯದ ಮಾತು ನಮಗೆ ಬೇಡ. ಕಾಯ್ದೆಯ ನಡೆ ಹೇಗೆಂಬುದಕ್ಕೆ ಇದೊಂದು ಉದಾಹರಣೆ.

ಅಳಿಯಂದಿರ ವಿಷಯ? 1955ರ ಪೌರತ್ವ ಕಾಯ್ದೆ ಹೊರಟಾಗ, ಭಾರತದವರನ್ನು ಮದುವೆಯಾದ 'ಸ್ತ್ರೀಯರು' ಅರ್ಜಿ ಹಾಕಬಹುದು ಎಂದಿತ್ತು. ಪರದೇಶದ ಅಳಿಯನಿಗೆ ಆ ಬಾಗಿಲು ತೆರೆದಿರಲಿಲ್ಲ. 1986ರ ತಿದ್ದುಪಡಿಯಲ್ಲಿ 'ಸ್ತ್ರೀಯರು' ಹೋಗಿ 'ವ್ಯಕ್ತಿಗಳು' ಎಂದಾಯಿತು. ಈಗ ಸೊಸೆಗೂ ಅಳಿಯನಿಗೂ ಒಂದೇ ನಿಯಮ. ಹೀಗಾಗಿ ಇಲ್ಲಿ ನಾನು ಸೊಸೆ ಎಂದು ಬರೆದಲ್ಲೆಲ್ಲ ನೀವು ಅಳಿಯ ಎಂದೂ ಓದಿಕೊಳ್ಳಬಹುದು.

ಮೊದಲ ಕಾಗದ: ಮದುವೆಯ ನೋಂದಣಿ

ಮುಂದಿನ ಎಲ್ಲ ಕೆಲಸಕ್ಕೂ ಇದೇ ಅಡಿಪಾಯ. ಎಲ್ಲ ಮದುವೆಗಳನ್ನೂ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಇದಕ್ಕೆಂದು 1976ರ ಕಾಯ್ದೆಯೇ ಇದೆ. ಆದರೂ ನಮ್ಮ ಹಳ್ಳಿಗಳಲ್ಲಿ "ಆಮೇಲೆ ನೋಡಿದರಾಯ್ತು" ಎನ್ನುವವರೇ ಹೆಚ್ಚು. ಮನೆಯ ಹತ್ತಿರದ ಸಂಬಂಧವಾದರೆ ಹೇಗೋ ನಡೆದೀತು, ಪರದೇಶದ ಸಂಬಂಧದಲ್ಲಿ ನಡೆಯುವುದಿಲ್ಲ.

ಇಬ್ಬರೂ ಹಿಂದೂಗಳಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ ಕೆಳಗೆ ನೋಂದಣಿ ಆಗುತ್ತದೆ. ವೀರಶೈವರು, ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಇವರೆಲ್ಲ ಈ ಕಾಯ್ದೆಯ ವ್ಯಾಪ್ತಿಯಲ್ಲಿ ಬರುತ್ತಾರೆ. ಹುಡುಗಿ ಕ್ರೈಸ್ತಳೋ ಬೇರೆ ಧರ್ಮದವಳೋ ಆಗಿದ್ದು ಅವಳು ತನ್ನ ಧರ್ಮದಲ್ಲೇ ಇರುವುದಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇದಕ್ಕೆ ಜಾತಿ, ಧರ್ಮ, ದೇಶದ ಕಟ್ಟಿಲ್ಲ. ಹುಡುಗನಿಗೆ 21, ಹುಡುಗಿಗೆ 18 ವರ್ಷ ತುಂಬಿರಬೇಕು. ಇಬ್ಬರಿಗೂ ಬದುಕಿರುವ ಇನ್ನೊಬ್ಬ ಗಂಡ ಅಥವಾ ಹೆಂಡತಿ ಇರಬಾರದು.

ದಿನದ ಲೆಕ್ಕವನ್ನು ಇಲ್ಲಿ ಸರಿಯಾಗಿ ಗಮನಿಸಿರಿ. ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟಿಸು ಕೊಡುವ ಮೊದಲು ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ನೋಟಿಸು ಕೊಟ್ಟ ಮೇಲೆ ಆಕ್ಷೇಪಣೆಗಾಗಿ ಮತ್ತೆ 30 ದಿನ ಕಾಯಬೇಕು. ನೋಟಿಸಿನಿಂದ ಮೂರು ತಿಂಗಳೊಳಗೆ, ಮೂವರು ಸಾಕ್ಷಿಗಳ ಮುಂದೆ ಮದುವೆ ಆಗಬೇಕು. ರಜೆಯ ಮೇಲೆ ಬಂದ ಹುಡುಗನ ವಾಸವೇ 30 ದಿನ ಆಗದಿದ್ದರೆ ನೋಟಿಸನ್ನೇ ತೆಗೆದುಕೊಳ್ಳುವುದಿಲ್ಲ. ಒಂದೂವರೆ ತಿಂಗಳ ರಜೆಯಲ್ಲಿ ಎಲ್ಲ ಮುಗಿಸುತ್ತೇವೆಂದರೆ ಆಗದ ಮಾತು. ಹಂದರ ಹಾಕುವ ತಾರೀಖಿಗಿಂತ ನೋಟಿಸಿನ ತಾರೀಖನ್ನು ಮೊದಲು ಗೊತ್ತು ಮಾಡಿಕೊಳ್ಳಿ.

ಈಗಾಗಲೇ ಸಂಪ್ರದಾಯದಂತೆ ಲಗ್ನವಾಗಿದ್ದರೂ ಹೆದರಬೇಕಾಗಿಲ್ಲ. ಅಂಥ ಮದುವೆಯನ್ನೂ ಇದೇ ಕಾಯ್ದೆಯಡಿ ನೋಂದಾಯಿಸಬಹುದು. ಅದಕ್ಕೂ 30 ದಿನದ ವಾಸ, 30 ದಿನದ ಪ್ರಕಟಣೆ ಇದ್ದೇ ಇದೆ. ಪರದೇಶದವಳ ಕಡೆಯಿಂದ ಅವಳು ಅವಿವಾಹಿತೆ, ಮದುವೆಗೆ ಅಡ್ಡಿಯಿಲ್ಲ ಎಂಬ ಪತ್ರವನ್ನು ಅವಳ ದೇಶದ ರಾಯಭಾರ ಕಚೇರಿಯಿಂದ ತರಲು ಸಾಮಾನ್ಯವಾಗಿ ಹೇಳುತ್ತಾರೆ. ಇದನ್ನು ಮೊದಲೇ ಬರೆದು ತರಿಸಿಡಬೇಕು.

ಮದುವೆ ಪರದೇಶದಲ್ಲೇ ಆದರೆ? 1969ರ ವಿದೇಶಿ ವಿವಾಹ ಕಾಯ್ದೆಯಂತೆ ಅಲ್ಲಿನ ಭಾರತದ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗಬಹುದು. ಆ ದೇಶದ ಕಾನೂನಿನಂತೆ ಆಗಿದ್ದರೆ ಅಲ್ಲಿನ ಪ್ರಮಾಣಪತ್ರಕ್ಕೆ 'ಅಪೊಸ್ಟಿಲ್' ಎಂಬ ಮುದ್ರೆಯನ್ನೋ, ಆ ಪದ್ಧತಿಯಿಲ್ಲದ ದೇಶವಾದರೆ ರಾಯಭಾರ ಕಚೇರಿಯ ದೃಢೀಕರಣವನ್ನೋ ಅಲ್ಲಿಂದ ಹೊರಡುವ ಮೊದಲೇ ಹಾಕಿಸಿಕೊಂಡು ಬರಬೇಕು. ಇಲ್ಲಿಗೆ ಬಂದ ಮೇಲೆ ಅದಕ್ಕಾಗಿ ಕಾಗದ ತಿರುಗಿ ಕಳಿಸುವುದು ಬಹಳ ತಾಪತ್ರಯ.

ವೀಸಾ, 24 ಗಂಟೆ ಮತ್ತು 14 ದಿನ

ಭಾರತದವರನ್ನು ಮದುವೆಯಾದವರಿಗೆ ಪ್ರವೇಶ ವೀಸಾ ಎಂಬುದುಂಟು. ಇದಕ್ಕೆ 'ಎಕ್ಸ್' ವೀಸಾ ಎನ್ನುತ್ತಾರೆ. ಮದುವೆಯ ಪತ್ರ ತೋರಿಸಿ ಅವಳು ಇರುವ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲೇ ಇದನ್ನು ಪಡೆದು ಬರುವುದು ನೇರವಾದ ದಾರಿ. ಪ್ರವಾಸಿ ವೀಸಾದ ಮೇಲೆ ಬಂದು ಇಲ್ಲಿ ಮದುವೆಯಾದವರು ಅದನ್ನು ಬದಲಾಯಿಸಿಕೊಡಿ ಎಂದು ಕೇಳಬಹುದು. ಆಗಲೂ ಮೊದಲು ಕೇಳುವುದು ಮತ್ತೆ ಆ ನೋಂದಣಿ ಪತ್ರವನ್ನೇ.

ಗೃಹಿಣಿಯರಾದ ನಾವು ತಿಳಿದಿರಬೇಕಾದ ಒಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಪರದೇಶದವರು ಮನೆಯಲ್ಲಿ ತಂಗಿದರೆ ಮನೆಯವರು 24 ಗಂಟೆಯೊಳಗೆ ಆ ಸಂಗತಿಯನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಇದು ಹೋಟೆಲು, ಲಾಡ್ಜುಗಳಿಗೆ ಮಾತ್ರವಲ್ಲ, ನಮ್ಮ ನಿಮ್ಮ ಮನೆಗೂ ಅನ್ವಯ. ಇನ್ನು 180 ದಿನಕ್ಕಿಂತ ಹೆಚ್ಚಿನ ವೀಸಾದ ಮೇಲೆ ಬಂದವರು, ಬಂದ 14 ದಿನದೊಳಗೆ ತಮ್ಮ ಹೆಸರು ನೋಂದಾಯಿಸಬೇಕು. ಈ ಕೆಲಸಕ್ಕೆ ಮೊದಲು ಕಚೇರಿಗೆ ಅಲೆಯಬೇಕಿತ್ತು. ಈಗ ಇ-ಎಫ್‌ಆರ್‌ಆರ್‌ಓ ಎಂಬ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಕಾಗದದಲ್ಲಿ ಏನಾದರೂ ಕೊರತೆ ಕಂಡರೆ ಮಾತ್ರ ಕರೆಸುತ್ತಾರೆ. ಜಿಲ್ಲೆಗಳಲ್ಲಿ ಪೊಲೀಸ್ ಸೂಪರಿಂಟೆಂಡೆಂಟರ ಕಚೇರಿಯಲ್ಲಿ ವಿಚಾರಿಸಬಹುದು.

ಮನೆಗೆ ಪೊಲೀಸ್ ಪೇದೆ ಬಂದು ವಿಚಾರಣೆ ಮಾಡುವುದುಂಟು. "ನಮ್ಮ ಮನಿ ಬಾಗಿಲಿಗೆ ಪೊಲೀಸರು ಬಂದ್ರಲ್ಲಾ" ಎಂದು ಹೌಹಾರಬೇಡಿ. ಪಾಸ್‌ಪೋರ್ಟಿಗೂ ಬರುತ್ತಾರಲ್ಲವೆ, ಹಾಗೆಯೇ. ಗಂಡ ಹೆಂಡತಿ ಒಟ್ಟಿಗಿದ್ದಾರೆಯೆ, ವಿಳಾಸ ನಿಜವೆ ಎಂದು ನೋಡುತ್ತಾರೆ. ನಿಜ ಹೇಳಿ, ಕಾಗದ ತೋರಿಸಿ, ಅಷ್ಟೇ ಸಾಕು.

ಅವಧಿ ಮೀರಿ ಉಳಿಯುವುದನ್ನು ಮಾತ್ರ ಹಗುರಾಗಿ ತಿಳಿಯಬಾರದು. 1939 ಮತ್ತು 1946ರ ಹಳೆಯ ಕಾಯ್ದೆಗಳ ಬದಲಿಗೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಅವಧಿ ಮುಗಿದ ಮೇಲೂ ಉಳಿದವರಿಗೆ ಮೂರು ವರ್ಷದವರೆಗೆ ಸಜೆ, ಮೂರು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಈ ವೀಸಾದ ಮೇಲೆ ನೌಕರಿಗೆ ಸೇರುವುದಾದರೂ ಮೊದಲು ಅನುಮತಿ ಕೇಳಿಕೊಳ್ಳಬೇಕು.

ಎರಡು ವರ್ಷ, ಏಳು ವರ್ಷ

ನೋಂದಣಿಯಾದ ಮದುವೆ ಎರಡು ವರ್ಷ ಎಡೆಬಿಡದೆ ನಡೆದುಬಂದಿದ್ದರೆ 'ಸಾಗರೋತ್ತರ ಭಾರತೀಯ ನಾಗರಿಕ' ಎಂಬ ಕಾರ್ಡಿಗೆ ಅರ್ಜಿ ಹಾಕಬಹುದು. ಓಸಿಐ ಕಾರ್ಡು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಇದು ಸಿಕ್ಕರೆ ಮೇಲಿಂದ ಮೇಲೆ ವೀಸಾದ ಚಿಂತೆಯಿಲ್ಲ, ಬಂದು ಹೋಗಿ ಮಾಡಬಹುದು, ಇಲ್ಲೇ ಇರಬಹುದು. ಆದರೆ ಹೆಸರಿನಲ್ಲಿ ನಾಗರಿಕ ಎಂದಿದ್ದರೂ ಇದು ಪೌರತ್ವವಲ್ಲ. ಓಟು ಹಾಕುವಂತಿಲ್ಲ. ನಮ್ಮಂಥ ಒಕ್ಕಲುತನದ ಮನೆಯವರು ಗಮನಿಸಬೇಕಾದದ್ದು: ಅವಳ ಹೆಸರಿನಲ್ಲಿ ಹೊಲ, ತೋಟ ಖರೀದಿ ಮಾಡುವಂತಿಲ್ಲ. ವಿಚ್ಛೇದನವಾದರೆ ಮದುವೆಯ ಆಧಾರದ ಮೇಲೆ ಸಿಕ್ಕ ಕಾರ್ಡನ್ನು ರದ್ದು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ತಂದೆತಾಯಿ, ಅಜ್ಜ ಅಥವಾ ಮುತ್ತಜ್ಜ ಪಾಕಿಸ್ತಾನ, ಬಾಂಗ್ಲಾದೇಶದ ಪ್ರಜೆಗಳಾಗಿದ್ದರೆ ಈ ಕಾರ್ಡು ಸಿಗುವುದಿಲ್ಲ.

ಪೂರ್ಣ ಪೌರತ್ವ ಬೇಕೆಂದರೆ ಏಳು ವರ್ಷದ ವಾಸ. ಅದರ ಲೆಕ್ಕ ಹೀಗೆ: ಅರ್ಜಿ ಹಾಕುವ ಮೊದಲಿನ 12 ತಿಂಗಳು ಪೂರ್ತಿ ಇಲ್ಲೇ ಇರಬೇಕು, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷ ಇದ್ದಿರಬೇಕು. ಬಾಣಂತನಕ್ಕೆಂದೋ ತಾಯಿಗೆ ಹುಷಾರಿಲ್ಲವೆಂದೋ ತವರಿಗೆ ಹೋದ ದಿನಗಳೆಲ್ಲ ಈ ಲೆಕ್ಕದಿಂದ ಕಳೆಯುತ್ತವೆ. ಹಾಗೆಂದು ತವರಿಗೆ ಕಳಿಸದೇ ಇರಬೇಡಿ ಮತ್ತೆ! ಹೋದ ದಿನ, ಬಂದ ದಿನ ಬರೆದಿಡಿ. ಅರ್ಜಿ ಜಿಲ್ಲಾಧಿಕಾರಿಗಳ ಮೂಲಕ ರಾಜ್ಯಕ್ಕೆ, ಅಲ್ಲಿಂದ ಕೇಂದ್ರಕ್ಕೆ ಹೋಗುತ್ತದೆ. ಮಂಜೂರಾದರೆ ನಿಷ್ಠೆಯ ಪ್ರಮಾಣ ತೆಗೆದುಕೊಂಡು, ಹುಟ್ಟಿದ ದೇಶದ ಪೌರತ್ವವನ್ನು ಬಿಟ್ಟುಕೊಡಬೇಕು. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ.

ಇದು ಸಣ್ಣ ಮಾತಲ್ಲ. ತನ್ನ ತಾಯಿನಾಡಿನ ಪಾಸ್‌ಪೋರ್ಟು ಒಪ್ಪಿಸುವಾಗ ಅವಳ ಕರುಳು ಚುರುಕ್ ಎನ್ನದೆ ಇದ್ದೀತೆ? "ಇಷ್ಟು ವರ್ಷ ನಮ್ಮ ಅನ್ನ ಉಂಡೂ ನಮ್ಮವಳಾಗಲಿಲ್ಲ" ಎಂದು ಚುಚ್ಚಬೇಡಿ. ಓಸಿಐ ಸಾಕು ಎಂದರೆ ಅದೂ ಗೌರವದ ದಾರಿಯೇ.

ಒಂದು ಎಚ್ಚರಿಕೆಯ ಮಾತು. ಹಿಂದಿನ ಕಾಯ್ದೆಯಲ್ಲಿ ಭಾರತದವರನ್ನು 'ಮದುವೆಯಾಗಿರುವ ಅಥವಾ ಆಗಿದ್ದ' ಎಂದಿತ್ತು. 2003ರ ತಿದ್ದುಪಡಿಯ ನಂತರ 'ಮದುವೆಯಾಗಿರುವ' ಎಂದಷ್ಟೇ ಇದೆ. ದೇವರು ಹಾಗೆ ಮಾಡದಿರಲಿ, ನಡುವೆ ಗಂಡ ತೀರಿಕೊಂಡರೆ ಹೆಣ್ಣುಮಗಳ ಗತಿ ಡೋಲಾಯಮಾನವಾಗುತ್ತದೆ. ಆದುದರಿಂದ ಅರ್ಹತೆ ಬಂದ ಕೂಡಲೇ ಅರ್ಜಿ ಹಾಕಬೇಕು. ಎಲ್ಲ ಚೆನ್ನಾಗಿರುವಾಗಲೇ ಈ ಕೆಲಸ ಮುಗಿಸುವುದು ಜಾಣತನ.

ಮಗುವಿನ ಪಾಲಿಗೂ ಈ ತಾರೀಖು

ತಾಯಂದಿರೇ, ಇದನ್ನು ಎರಡು ಸಲ ಓದಿರಿ. 2004ರ ಡಿಸೆಂಬರ್ 3ರಂದು ಅಥವಾ ನಂತರ ಭಾರತದಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದ ಪೌರತ್ವ ಸಿಗಬೇಕಾದರೆ ತಂದೆತಾಯಿ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೆ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಆ ಹೊತ್ತಿನಲ್ಲಿ 'ಅಕ್ರಮ ವಲಸಿಗ' ಆಗಿರಬಾರದು. ವೀಸಾದ ಅವಧಿ ಮುಗಿದ ಮೇಲೂ ಉಳಿದವರು ಕಾಯ್ದೆಯ ಕಣ್ಣಿಗೆ ಅಕ್ರಮ ವಲಸಿಗರೇ. ಗರ್ಭಿಣಿಯ ಸೀಮಂತದ ಗಡಿಬಿಡಿಯಲ್ಲಿ ವೀಸಾದ ತಾರೀಖು ಮರೆತರೆ ಹುಟ್ಟುವ ಕೂಸಿನ ಪೌರತ್ವಕ್ಕೇ ಕುತ್ತು ಬಂದೀತು. ಹೆರಿಗೆಯಾದ ಮೇಲೆ 21 ದಿನದೊಳಗೆ ಜನನ ನೋಂದಣಿ ಮಾಡಿಸಿ. ತಾಯಿಯ ಹೆಸರು ಅವಳ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ.

ಗಡಿಯಾಚೆ ಉಳಿದ ಸಂಬಂಧಗಳು

ದೇಶ ಇಬ್ಭಾಗವಾದಾಗ ಎಷ್ಟೋ ಮುಸ್ಲಿಂ ಕುಟುಂಬಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ ಆದವು. ಅಣ್ಣನ ಮಗಳನ್ನು ತಂಗಿಯ ಮಗನಿಗೆ ತಂದುಕೊಳ್ಳುವ ರೂಢಿ ಗಡಿ ಬಂದ ಮಾತ್ರಕ್ಕೆ ನಿಲ್ಲಲಿಲ್ಲ. ನಮ್ಮ ರಾಜ್ಯದಲ್ಲಿ ಭಟ್ಕಳದಲ್ಲಿ ಹೀಗೆ ಪಾಕಿಸ್ತಾನದಿಂದ ಸೊಸೆಯರಾಗಿ ಬಂದವರಿದ್ದಾರೆ. ಇವರಿಗೆ ಓಸಿಐ ಇಲ್ಲ. ದೀರ್ಘಾವಧಿ ವೀಸಾ ಎಂಬುದನ್ನು ಪಡೆದು, ಕಾಲಕಾಲಕ್ಕೆ ಮುಂದುವರಿಸಿಕೊಂಡು ಬರಬೇಕು.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಉಗ್ರರ ದಾಳಿಯಾದ ಮೇಲೆ ಸರ್ಕಾರ ಪಾಕಿಸ್ತಾನದ ಪ್ರಜೆಗಳ ವೀಸಾಗಳನ್ನು ರದ್ದು ಮಾಡಿತು. ಕೆಲವೇ ದಿನಗಳಲ್ಲಿ ಹೊರಡಬೇಕಾಯಿತು. ಆದರೆ ದೀರ್ಘಾವಧಿ ವೀಸಾ ಇದ್ದವರಿಗೆ ಆ ಆಜ್ಞೆ ಅನ್ವಯಿಸಲಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸುತ್ತ, ರೊಟ್ಟಿ ಬಡಿಯುತ್ತ ಇದ್ದ ಗೃಹಿಣಿಗೆ ಒಂದು ಕಾಗದ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ ನೋಡಿ!

ನಮ್ಮ ಮಗಳು ಪರದೇಶದ ಸೊಸೆಯಾದಾಗ

ನಮ್ಮ ಹುಡುಗಿ ಹೊರಗೆ ಹೋದರೆ ಅವಳೂ ಅಲ್ಲಿ ಪರದೇಶದ ಸೊಸೆಯೇ. ಸೌದಿ ಅರೇಬಿಯಾದಲ್ಲಿ ಹೆಂಡತಿ ಮಕ್ಕಳನ್ನು ಇಟ್ಟುಕೊಳ್ಳಲು 2017ರಿಂದ ತಲೆಗೆ ತಿಂಗಳಿಗೆ 100 ರಿಯಾಲಿನಂತೆ ತೆರಿಗೆ ಹಾಕಿ, 2020ರ ಹೊತ್ತಿಗೆ ಅದನ್ನು 400ಕ್ಕೆ ಏರಿಸಿದರು. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಊರಿಗೆ ಬಂದವು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಅಲ್ಲಿ ವಾಸದ ಹಕ್ಕು ಪಡೆದರೆ ಮೊದಲು ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡು. ಅದು ಮುಗಿಯುವ ಕೊನೆಯ 90 ದಿನದಲ್ಲಿ ಗಂಡ ಹೆಂಡತಿ ಸೇರಿ ಮತ್ತೆ ಅರ್ಜಿ ಕೊಡಬೇಕು. ಗಂಡ ಹಿಂಸೆ ಕೊಡುವವನಾದರೆ ಅವಳೊಬ್ಬಳೇ ಅರ್ಜಿ ಕೊಡಲು ಅಲ್ಲಿ ದಾರಿಯಿದೆ. "ನಿನ್ನ ಕಾರ್ಡು ನನ್ನ ಕೈಯಾಗದ" ಎಂದು ಹೆದರಿಸುವ ಗಂಡಂದಿರು ಈ ಮಾತನ್ನು ಹೆಂಡತಿಗೆ ತಿಳಿಸುವುದಿಲ್ಲ. ನಾವು ತಿಳಿಸಿ ಕಳಿಸಬೇಕು.

ಅತ್ತೆಯಾದವಳು ಮಾಡಬೇಕಾದ್ದು

ಪರನಾಡಿನಲ್ಲಿ ನಮ್ಮ ಮಗಳಿಗೆ ಆಗಬಾರದು ಎಂದು ನಾವು ಬಯಸುವುದನ್ನು ನಮ್ಮ ಮನೆಗೆ ಬಂದವಳಿಗೂ ಮಾಡಬಾರದು. ಈ ಕೆಲವು ಮಾತುಗಳನ್ನು ನೆನಪಿನಲ್ಲಿಡಿ:

1. ಸೊಸೆಯ ಪಾಸ್‌ಪೋರ್ಟು ಸೊಸೆಯ ಕೈಯಲ್ಲೇ ಇರಲಿ. ಬಂಗಾರದ ಜೊತೆ ನಿಮ್ಮ ಅಲಮಾರಿಯಲ್ಲಿಟ್ಟು ಬೀಗ ಹಾಕಬೇಡಿ.

2. ವೀಸಾ ಮುಗಿಯುವ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿ. ಎರಡು ತಿಂಗಳು ಮುಂಚಿನಿಂದಲೇ ತಯಾರಿ ನಡೆಸಿ.

3. ಹೆಸರು ಮತ್ತು ಊರಿನ ಅಕ್ಷರ ಎಲ್ಲ ಕಾಗದದಲ್ಲೂ ಒಂದೇ ರೀತಿ ಇರಲಿ. ನಮ್ಮ ಬೇಮಳಖೇಡದ ಹೆಸರನ್ನೇ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ತೆರನಾಗಿ ಬರೆಯುತ್ತಾರೆ. ಆಧಾರ್, ಪಾಸ್‌ಪೋರ್ಟು, ಮದುವೆ ಪತ್ರ ಮೂರರಲ್ಲಿ ಮೂರು ರೀತಿಯಾದರೆ ಮೂರು ಅಫಿಡವಿಟ್ಟು ಬೇಕಾಗುತ್ತದೆ.

4. ಮದುವೆಯ ನಂತರ ಅವಳ ಹೆಸರು ಬದಲಾಯಿಸುವ ಶಾಸ್ತ್ರವಿದ್ದರೆ ಮನೆಯಲ್ಲಿ ಕರೆಯಲು ಮಾತ್ರ ಇರಲಿ. ಕಾಗದದಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಬೇಕು.

5. "ಎಲ್ಲ ನಾ ಮಾಡಿಕೊಡ್ತೀನಿ, ಅಕ್ಕಾ" ಎನ್ನುವ ದಲ್ಲಾಳಿಗಳಿಂದ ದೂರವಿರಿ. ಪೌರತ್ವ ಸಿಗುವ ಮೊದಲು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವುದು ಅಪರಾಧ. ಆ ಒಂದು ಚೀಟಿಯಿಂದ ಮುಂದಿನ ಎಲ್ಲ ಅರ್ಜಿಯೂ ಹಾಳಾಗುತ್ತದೆ.

6. ಆಧಾರ್ ಕಾರ್ಡು ವಾಸದ ಗುರುತು, ಪೌರತ್ವದ ಗುರುತಲ್ಲ. ಅದಿದೆ ಎಂದು ವೀಸಾ ಮರೆಯಬೇಡಿ.

7. ಅವಳಿಗೆ ಕನ್ನಡ ಕಲಿಸಿ, ಜೊತೆಗೆ ಅವಳ ಕಾಗದದಲ್ಲಿ ಏನಿದೆಯೆಂದೂ ತಿಳಿಸಿ. ತಿಳಿಯದೆ ರುಜು ಹಾಕಿಸಬೇಡಿ.

8. ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಕಚೇರಿಯಲ್ಲೇ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ಸೊಸೆ ಯಾವ ದೇಶದವಳಾದರೂ ತವರು ಬಿಟ್ಟು ಬಂದವಳು. ನಮ್ಮ ಊರಿಂದ ಊರಿಗೆ ಬಂದ ಸೊಸೆಗೆ ಬೇಸರವಾದರೆ ಬಸ್ಸು ಹತ್ತಿ ಸಂಜೆಯೊಳಗೆ ತಾಯಿಯ ಮನೆ ಸೇರುತ್ತಾಳೆ. ಈಕೆಗೆ ಆ ಅನುಕೂಲವಿಲ್ಲ. ಊಟ ಬೇರೆ, ಮಾತು ಬೇರೆ, ಬಿಸಿಲು ಬೇರೆ. ಅದರ ಮೇಲೆ "ನಾಳೆ ನನ್ನನ್ನು ಇಲ್ಲಿ ಇರಗೊಡುತ್ತಾರೋ ಇಲ್ಲವೋ" ಎಂಬ ಚಿಂತೆಯನ್ನೂ ಹೊತ್ತು ಅವಳು ಹೇಗೆ ಸಂಸಾರ ಮಾಡಿಯಾಳು? ಆ ಚಿಂತೆಯೊಂದನ್ನು ಇಳಿಸುವುದು ನಮ್ಮ ಕೈಯಲ್ಲಿದೆ. ಹೊಸ ಸೊಸೆಗೆ ಸೀರೆ, ಬಳೆ, ಬೆಳ್ಳಿಯ ಕುಂಕುಮದ ಭರಣಿ ಕೊಡುತ್ತೇವೆ. ಅದರೊಡನೆ ಗಟ್ಟಿಯಾದ ಒಂದು ಫೈಲು ಕೊಡಿ. ಅದರಲ್ಲಿ ಮೊದಲ ಕಾಗದವಾಗಿ ಮದುವೆಯ ನೋಂದಣಿ ಪತ್ರ ಇರಲಿ.